ಅಪ್‌ಡೇಟ್: ಟೆಲಿಸ್ಕೋಪ್ ಬೇಡ ಅಂದ್ರಲ್ಲ, ಬೈನಾಕ್ಯುಲರ್ ತಂದೆ

11 ವರ್ಷದ ಮಗಳಿಗೆ ಆಕಾಶದ ಹುಚ್ಚು ಹಿಡಿದಿದೆ, ಐದು ಸಾವಿರದೊಳಗೆ ಯಾವ ಟೆಲಿಸ್ಕೋಪ್ ತಗೊಳ್ಳಲಿ ಅಂತ ಕೇಳಿದ್ದೆ. ಆ ದುಡ್ಡಿಗೆ ಅಲ್ಲಾಡೋ ಸ್ಟ್ಯಾಂಡಿನ ಆಟದ ಸಾಮಾನೇ ಸಿಗೋದು, 10×50 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸೋ, 50 ಮಿ.ಮೀ. ಮಸೂರದ್ದು) ತಗೊಳ್ಳಿ ಅಂತ ಹೆಚ್ಚಿನವರು ಹೇಳಿದ್ರಿ. ಅದನ್ನೇ ತಂದೆ.

ಬೆಂಗಳೂರಿನ ನಮ್ಮ ತಾರಸಿಯಿಂದ ಚಂದ್ರನ ಕುಳಿ ಬಿಟ್ರೆ ಹೆಚ್ಚೇನೂ ದಕ್ಕಲಿಲ್ಲ, ಬೀದಿದೀಪದ ಕಾಟ. ಸಂಕ್ರಾಂತಿಗೆ ಅಜ್ಜಿ ಊರಿಗೆ ಹೋದಾಗ ನೋಡಿ ಮಜಾ. ಮೊದಲು ಕೃತ್ತಿಕೆ. ಬರಿಗಣ್ಣಿಗೆ ಆರೇಳು ಕಾಣೋ ಗೊಂಚಲು, ಇದರಲ್ಲಿ ಹತ್ತಾರು! ಆಮೇಲೆ ಗುರು ಗ್ರಹ. ಕೈ ನಡುಗಿ ಚುಕ್ಕಿ ಕುಣೀತಿತ್ತು. ಅಜ್ಜಿ ಒಳಗಿಂದ ತಲೆದಿಂಬು ತಂದು ಕಾಂಪೌಂಡ್ ಗೋಡೆ ಮೇಲಿಟ್ರು. ಮೊಣಕೈ ಊರಿದ್ದೇ ತಡ, "ಅಪ್ಪಾ, ಪಕ್ಕದಲ್ಲಿ ಸಾಲಾಗಿ ಮೂರು ಇವೆ!" ಅವು ಗುರುವಿನ ಚಂದ್ರರು, ಗೆಲಿಲಿಯೊಗೂ 1610ರ ಜನವರಿ 7ರಂದು ಕಂಡಿದ್ದು ಮೂರೇ, ನಾಲ್ಕನೆಯ ಚಂದ್ರ ಸಿಕ್ಕಿದ್ದು ಕೆಲವು ದಿನ ಬಿಟ್ಟು ಅಂತ ಹೇಳಿದೆ. ಅಷ್ಟೇ, ಮರುದಿನದಿಂದ ಲೆಕ್ಕದ ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ದಿನಾ ಅವುಗಳ ಜಾಗಕ್ಕೆ ಚುಕ್ಕಿ ಇಡ್ತಿದ್ದಾಳೆ. (ಟೀಚರ್ ನೋಡಿದ್ರೆ ಕಥೆ ಬೇರೆ.)

ಶನಿಯ ಉಂಗುರ ಇದರಲ್ಲಿ ಕಾಣಲ್ಲ ಅಂತ ಈಗ ಜಗಳ. ಸದ್ಯಕ್ಕೆ ನೆಹರು ತಾರಾಲಯಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಒಪ್ಪಿಸಿದ್ದೀನಿ.