ಕ್ಯಾಂಪರ್ ವ್ಯಾನಿನಲ್ಲಿ ಬೇಲೂರು: ರಾತ್ರಿ ಎಲ್ಲಿ ನಿಲ್ಲಿಸುವುದು?

ಪ್ರಶ್ನೆ – ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನಾಲ್ಕು ದಿನಗಳ ಮಟ್ಟಿಗೆ ಕ್ಯಾಂಪರ್ ವ್ಯಾನ್ ಬಾಡಿಗೆಗೆ ಪಡೆದು, ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು ಹಾಗೂ 72 ವರ್ಷದ ನಮ್ಮ ತಾಯಿ ಬೀರೂರು, ಕಡೂರು, ಚಿಕ್ಕಮಗಳೂರು ಮಾರ್ಗವಾಗಿ ಬೇಲೂರಿಗೆ ಬರಬೇಕೆಂದಿದ್ದೇವೆ. ತಾಯಿಯವರಿಗೆ ಮಂಡಿನೋವು ಇರುವುದರಿಂದ, ದಿನಕ್ಕೊಂದು ವಸತಿಗೃಹ ಬದಲಾಯಿಸುವ ಕಷ್ಟ ಬೇಡ, ಹಾಸಿಗೆಯೂ ಶೌಚಾಲಯವೂ ನಾಲ್ಕು ಹೆಜ್ಜೆಯೊಳಗೇ ಇರಲಿ ಎಂಬುದೇ ಈ ಏರ್ಪಾಡಿಗೆ ಕಾರಣ. ವ್ಯಾನಿನ ಎತ್ತರ ಸುಮಾರು ಹತ್ತು ಅಡಿ. ಕಾಫಿ ತೋಟದ ಅಂಚಿನಲ್ಲೋ ಯಗಚಿ ಹಿನ್ನೀರಿನ ಬಳಿಯೋ ರಾತ್ರಿ ನಿಲ್ಲಿಸಬಹುದೇ? ಮುಳ್ಳಯ್ಯನಗಿರಿಗೂ ಅದರಲ್ಲೇ ಹೋಗಬಹುದೇ?

ಉತ್ತರ – ಬೇಲೂರಿನಿಂದ

ಗಿರಿಯ ವಿಚಾರ ಮೊದಲು ಹೇಳಿಬಿಡುತ್ತೇನೆ. 1,930 ಮೀಟರ್ ಎತ್ತರದ ಆ ಶಿಖರದ ಕಡೆಗಿನ ರಸ್ತೆ ಕಿರಿದು, ತಿರುವುಗಳು ಕಡಿದು. ಉದ್ದನೆಯ ವ್ಯಾನನ್ನು ಅಲ್ಲಿಗೆ ಕೊಂಡೊಯ್ಯಬೇಡಿ. ದಿನಕ್ಕೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ 2025ರಲ್ಲಿ ಮಿತಿ ಹಾಕಿ ಮುಂಗಡ ನೋಂದಣಿಯನ್ನೂ ತಂದಿದೆ. ವ್ಯಾನನ್ನು ಚಿಕ್ಕಮಗಳೂರಿನಲ್ಲಿ ಬಿಟ್ಟು ಜೀಪು ಮಾಡಿಕೊಳ್ಳಿ. ತುದಿಯಲ್ಲಿ ಮೆಟ್ಟಿಲುಗಳಿರುವುದರಿಂದ ತಾಯಿಯವರು ಕೆಳಗೇ ಕುಳಿತಿರಬೇಕಾಗುತ್ತದೆ.

ರಾತ್ರಿಯ ತಂಗುವಿಕೆಗೆ ಬೇಲೂರು ಪಟ್ಟಣವನ್ನೇ ಆರಿಸಿಕೊಳ್ಳಿ. ಹಳೇಬೀಡು ಇಲ್ಲಿಂದ 16 ಕಿಲೋಮೀಟರ್ ಮಾತ್ರ. ಆವರಣವಿರುವ ಯಾವುದಾದರೂ ವಸತಿಗೃಹದವರನ್ನು ಕೇಳಿ, ನ್ಯಾಯವಾದ ಬಾಡಿಗೆ ಕೊಟ್ಟು ಅಲ್ಲಿ ನಿಲ್ಲಿಸಿದರೆ, ನೀರು ತುಂಬಿಸಿಕೊಳ್ಳುವುದಕ್ಕೂ ಬ್ಯಾಟರಿ ಚಾರ್ಜ್ ಮಾಡಿಕೊಳ್ಳುವುದಕ್ಕೂ ಅನುಕೂಲ. ದಯವಿಟ್ಟು ಒಂದು ಮಾತು ನಡೆಸಿಕೊಡಿ: ಶೌಚದ ತೊಟ್ಟಿಯನ್ನಾಗಲೀ ಪಾತ್ರೆ ತೊಳೆದ ನೀರನ್ನಾಗಲೀ ಯಗಚಿಯ ದಂಡೆಯಲ್ಲಿ ಖಾಲಿ ಮಾಡಬೇಡಿ. ನಾವು ಕುಡಿಯುವುದು ಆ ಹೊಳೆಯ ನೀರನ್ನೇ.

ಚೆನ್ನಕೇಶವನ ಗುಡಿಗೆ ಬೆಳಿಗ್ಗೆಯೇ ಹೋಗಿ. ಪಾದರಕ್ಷೆ ಹೊರಗೆ ಬಿಡಬೇಕು. ಹನ್ನೊಂದು ದಾಟಿದರೆ ಅಂಗಳದ ಕಲ್ಲುಚಪ್ಪಡಿ ಅಂಗಾಲು ಊರಲು ಬಿಡುವುದಿಲ್ಲ. ನಮ್ಮ ಅತ್ತೆಯವರಿಗೆ ದಪ್ಪನೆಯ ಕಾಲುಚೀಲ ಹಾಕಿಸಿ ಕರೆದೊಯ್ದಿದ್ದೆವು, ಒಳ್ಳೆಯದಾಯಿತು.

ಉತ್ತರ – ಬಿಕ್ಕೋಡು ಕಡೆಯ ಬೆಳೆಗಾರ

ತೋಟದ ಅಂಚು ಖಂಡಿತ ಬೇಡ. ನಮ್ಮ ಭಾಗದಲ್ಲಿಯೂ ಸಕಲೇಶಪುರ, ಆಲೂರು ಕಡೆಯಲ್ಲಿಯೂ ಕಾಡಾನೆಗಳು ತೋಟದೊಳಗೇ ಹಗಲು ಕಳೆದು, ಕತ್ತಲಾದ ಮೇಲೆ ಗದ್ದೆ, ಬಾಳೆಗೆ ಇಳಿಯುತ್ತವೆ. ಜನ ಸತ್ತಿದ್ದಾರೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟವರಿಗೆ ಹತ್ತು ಮಾರು ದೂರದಲ್ಲಿ ನಿಂತ ಆನೆಯೂ ಕಾಣುವುದಿಲ್ಲ. ವ್ಯಾನಿನಲ್ಲಿ ಬಾಳೆಗೊನೆ, ಹಲಸು, ಬೆಲ್ಲ ಇಟ್ಟುಕೊಂಡು ಮಲಗಿದರಂತೂ ವಾಸನೆಯೇ ಅವನ್ನು ಕರೆತರುತ್ತದೆ. ಆನೆ ಎಲ್ಲಿದೆ ಎಂಬ ಸಂದೇಶ ಅರಣ್ಯ ಇಲಾಖೆಯಿಂದ ನಮ್ಮ ಮೊಬೈಲಿಗೆ ಬರುತ್ತದೆ, ಹೊರಗಿನಿಂದ ಬಂದ ನಿಮಗೆ ಬರುವುದಿಲ್ಲ. ಸಂಜೆ ಆರರೊಳಗೆ ಪಟ್ಟಣ ಸೇರಿಕೊಳ್ಳಿ.

ಜನವರಿ ಎಂದರೆ ಕಾಫಿ ಕುಯ್ಲಿನ ಕಾಲವೂ ಹೌದು. ಹಣ್ಣು ಹೊತ್ತ ಟ್ರ್ಯಾಕ್ಟರು, ಆಳುಗಳ ಪಿಕಪ್ಪು ಓಡಾಡುವ ಗೇಟಿನೆದುರು ಹಗಲಿನಲ್ಲಿಯೂ ವಾಹನ ನಿಲ್ಲಿಸಬೇಡಿ. ಮಕ್ಕಳಿಗೆ ಕಾಫಿ ಒಣಗಿಸುವ ಕಣ ತೋರಿಸಬೇಕೆಂದಿದ್ದರೆ ಯಾರ ಮನೆಯಲ್ಲಾದರೂ ಕೇಳಿ, ಸಂತೋಷದಿಂದ ತೋರಿಸುತ್ತಾರೆ.

ಉತ್ತರ – ಮೈಸೂರಿನಿಂದ

ಕಳೆದ ವರ್ಷ ನಾವೂ ಇಂಥದೇ ವ್ಯಾನಿನಲ್ಲಿ ಮೂಡಿಗೆರೆ ಕಡೆಗೆ ಹೋಗಿದ್ದೆವು. ಮೊಬೈಲಿನ ನಕ್ಷೆ ತೋರಿಸಿದ ಹತ್ತಿರದ ದಾರಿ ಎಂದು ನಂಬಿ ತೋಟದ ರಸ್ತೆಗೆ ತಿರುಗಿದೆ. ಬಾಗಿದ್ದ ಹಲಸಿನ ಕೊಂಬೆಯೊಂದು ತಗುಲಿ ಚಾವಣಿಯ ಗಾಳಿಕಿಂಡಿಯ ಮುಚ್ಚಳ ಸೀಳಿಹೋಯಿತು. ಹಿಂದಕ್ಕೆ ತಿರುಗಿಸಲು ಜಾಗವಿಲ್ಲದೆ ಅರ್ಧ ಕಿಲೋಮೀಟರ್ ರಿವರ್ಸ್ ಬಂದೆವು. ಅಂದು ರಾತ್ರಿ ಇಬ್ಬನಿ ಹನಿಹನಿಯಾಗಿ ಹಾಸಿಗೆಯ ಮೇಲೆ ಬೀಳುತ್ತಿತ್ತು, ಮಗಳ ಹೊದಿಕೆ ಪೂರ್ತಿ ಒದ್ದೆ. ವ್ಯಾನ್ ಪಡೆಯುವಾಗಲೇ ಎತ್ತರವನ್ನು ಟೇಪಿನಿಂದ ಅಳೆದು, ಚಾಲಕನ ಕಣ್ಣೆದುರು ಬರೆದು ಅಂಟಿಸಿ, ಹೆದ್ದಾರಿ ಬಿಡಬೇಡಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಆನೆಯ ವಿಚಾರ ಓದಿದ ಮೇಲೆ ತೋಟದ ಆಸೆ ಬಿಟ್ಟೆವು. ಮೂರೂ ರಾತ್ರಿ ಬೇಲೂರಿನಲ್ಲೇ ನಿಲ್ಲುತ್ತೇವೆ. ಎತ್ತರದ ಜಗತಿ (ಗುಡಿ ನಿಂತಿರುವ ಕಲ್ಲಿನ ಕಟ್ಟೆ) ಹತ್ತದೆಯೇ ತಾಯಿಯವರು ನೋಡಬಹುದಾದ ಹೊಯ್ಸಳರ ಗುಡಿ ಹತ್ತಿರದಲ್ಲಿ ಇದೆಯೇ?

ಉತ್ತರ – ಬೇಲೂರಿನಿಂದ

ಇದೆ. ಹಾಸನದ ರಸ್ತೆಯಲ್ಲಿ ಸಿಗುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಜಗತಿಯೇ ಇಲ್ಲ. ನಾಲ್ಕು ಗರ್ಭಗುಡಿಗಳ ಹಳೆಯ ಗುಡಿ, ಪಕ್ಕದಲ್ಲೇ ಕೆರೆ. ತಾಯಿಯವರು ನಿಧಾನವಾಗಿ ನಡೆದೇ ನೋಡಬಹುದು. ಒಂದು ಮಡಚುವ ಕುರ್ಚಿ ವ್ಯಾನಿನಲ್ಲಿರಲಿ.