‘ಗಾರ್ಡನ್ಸ್ ಆಫ್ ದಿ ಮೂನ್’ ಮುಂದುವರಿಸಬೇಕೇ? ಕಷ್ಟವೆನಿಸಿಯೂ ಪ್ರಿಯವಾದ ಫ್ಯಾಂಟಸಿ ಕಾದಂಬರಿಗಳ ಬಗ್ಗೆ

ಕಥಾಸಕ್ತ:

ಎಲ್ಲರಿಗೂ ನಮಸ್ಕಾರ. ಕಾಲೇಜಿನ ದಿನಗಳಿಂದ ಟೋಲ್ಕಿನ್ ಅವರನ್ನು ಮತ್ತೆ ಮತ್ತೆ ಓದುತ್ತ ಬಂದಿರುವ ನಾನು, ಸ್ನೇಹಿತರ ಒತ್ತಾಯದ ಮೇರೆಗೆ ಸ್ಟೀವನ್ ಎರಿಕ್ಸನ್ ಅವರ ‘ಗಾರ್ಡನ್ಸ್ ಆಫ್ ದಿ ಮೂನ್’ ಕಾದಂಬರಿಯನ್ನು ಕೈಗೆತ್ತಿಕೊಂಡಿದ್ದೇನೆ. ಕೋಟೆಯ ಮೇಲೆ ನಿಂತು, ಕೆಳಗೆ ಹೊತ್ತಿ ಉರಿಯುತ್ತಿರುವ ಕೇರಿಯನ್ನು ನೋಡುತ್ತ, ತಾನೂ ಸೈನಿಕನಾಗುತ್ತೇನೆ ಎನ್ನುವ ಹುಡುಗನ ಆರಂಭದ ದೃಶ್ಯ ಬಹಳ ಹಿಡಿಸಿತು. ಆದರೆ ಸ್ವಲ್ಪದರಲ್ಲೇ ವರ್ಷಗಳು ಉರುಳಿ, ಪೇಲ್ ಎಂಬ ನಗರದ ಮುತ್ತಿಗೆಯ ನಡುವೆ ನಮ್ಮನ್ನು ತಂದು ನಿಲ್ಲಿಸಲಾಗುತ್ತದೆ. ಯಾರು ಯಾರ ಪಕ್ಷ, ಮಾಂತ್ರಿಕರು ತೆರೆಯುವ ‘ವಾರೆನ್’ ಎಂದರೇನು, ದೇವತೆಗಳಿಗೆ ಈ ಯುದ್ಧದಲ್ಲಿ ಏನು ಆಸಕ್ತಿ ಎಂಬುದನ್ನು ಯಾರೂ ವಿವರಿಸುವುದಿಲ್ಲ. ಪುಸ್ತಕವನ್ನು ಮುಂದುವರಿಸಬೇಕೇ? ನಿಮಗೂ ಹೀಗೆ ಕಷ್ಟವೆನಿಸಿ, ಆದರೂ ಅಚ್ಚುಮೆಚ್ಚಿನದಾಗಿ ಉಳಿದ ಕಾದಂಬರಿಗಳು ಯಾವುವು?

ಹಳೇ ಓದುಗ:

ಖಂಡಿತ ಮುಂದುವರಿಸಿ ಎಂಬುದೇ ನನ್ನ ಸಲಹೆ. 1999ರಲ್ಲಿ ಈ ಕಾದಂಬರಿಯಿಂದ ಆರಂಭವಾದ ಮಾಲೆ 2011ರಲ್ಲಿ ಹತ್ತನೆಯ ಸಂಪುಟದೊಂದಿಗೆ ಮುಗಿಯಿತು. ಎರಿಕ್ಸನ್ ಅವರು ಪುರಾತತ್ತ್ವ ಮತ್ತು ಮಾನವಶಾಸ್ತ್ರವನ್ನು ಅಭ್ಯಾಸ ಮಾಡಿದವರು. ಈ ಲೋಕವನ್ನು ಅವರೂ ಅವರ ಗೆಳೆಯ ಇಯಾನ್ ಎಸಲ್ಮಾಂಟ್ ಅವರೂ ಕಾದಂಬರಿಗೆ ಮೊದಲು ತಮ್ಮ ಪಾತ್ರಾಭಿನಯದ ಆಟಗಳಿಗಾಗಿ ಕಟ್ಟಿಕೊಂಡಿದ್ದರು. ಹಾಗಾಗಿ ಕಥೆ ಶುರುವಾಗುವ ಹೊತ್ತಿಗೆ ಅದರ ಹಿಂದೆ ಸಾವಿರಾರು ವರ್ಷಗಳ ಇತಿಹಾಸ ಆಗಲೇ ನಡೆದುಹೋಗಿದೆ, ಮತ್ತು ಅದನ್ನು ನಮಗೆ ಹೇಳಿಕೊಡಲು ಯಾವ ಪಾತ್ರಕ್ಕೂ ಬಿಡುವಿಲ್ಲ.

ಪಾತ್ರಗಳ ಸಂಖ್ಯೆ ನಮ್ಮಂಥವರನ್ನು ಹೆದರಿಸಬಾರದು. ಆದರೆ ಭಾರತದ ಕಥೆಯನ್ನು ಗಮಕದಲ್ಲೋ ತಾಳಮದ್ದಳೆಯಲ್ಲೋ ಕೇಳಲು ಕುಳಿತಾಗ ಕರ್ಣ ಯಾರ ಮಗನೆಂಬುದು ನಮಗೆ ಮೊದಲೇ ಗೊತ್ತಿರುತ್ತದೆ. ಆ ಮುನ್ನರಿವಿನ ಆಸರೆ ಇಲ್ಲಿ ಇಲ್ಲ. ಆದ್ದರಿಂದ ಪ್ರತಿ ಹೆಸರಿಗೂ ಪುಸ್ತಕದ ಕೊನೆಯ ಪದಕೋಶವನ್ನು ತಿರುವಿ ಹಾಕುವ ಬದಲು, ಬ್ರಿಡ್ಜ್‌ಬರ್ನರ್ಸ್ ತುಕಡಿಯ ಸೈನಿಕರ ಮಾತುಕತೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ದೊಡ್ಡವರ ಲೆಕ್ಕಾಚಾರ ಏನೆಂಬುದು ಅವರಿಗೂ ಪೂರ್ತಿ ಗೊತ್ತಿಲ್ಲ, ಮತ್ತು ಆ ಗೊತ್ತಿಲ್ಲದಿರುವಿಕೆಯಲ್ಲೇ ಕಾದಂಬರಿಯ ಸತ್ವವಿದೆ. ಕಥೆಯು ನೀಲಿ ಅನಿಲದೀಪಗಳ ದರುಜಿಸ್ತಾನ್ ನಗರವನ್ನು ಸೇರಿದ ಮೇಲೆ ಓದು ತಾನಾಗಿಯೇ ಸರಾಗವಾಗುತ್ತದೆ.

ಎರಡನೆಯ ಸಂಪುಟವಾದ ‘ಡೆಡ್‌ಹೌಸ್ ಗೇಟ್ಸ್’ ನಿಮ್ಮನ್ನು ಬೇರೊಂದು ಖಂಡಕ್ಕೆ ಒಯ್ದು, ಬಹುಪಾಲು ಹೊಸ ಪಾತ್ರಗಳನ್ನು ಮುಂದಿಡುತ್ತದೆ. ಆಗ ಬೇಸರಿಸಬೇಡಿ. ದಂಗೆಯೆದ್ದ ನಾಡಿನ ನಡುವೆ ಸಾವಿರಾರು ನಿರಾಶ್ರಿತರನ್ನು ಕೋಲ್ಟೇನ್ ಎಂಬ ಸೇನಾನಿ ಕಾಪಾಡಿಕೊಂಡು ನಡೆಸುವ ದೀರ್ಘ ಪ್ರಯಾಣ ಅದರಲ್ಲಿದೆ. ಅದನ್ನು ನಾವು ನೋಡುವುದು ಹೆಚ್ಚಾಗಿ ಡೈಕರ್ ಎಂಬ ವಯಸ್ಸಾದ ಇತಿಹಾಸಕಾರನ ಕಣ್ಣಿನಿಂದ. ದಾಖಲಿಸುವವನಾಗಿ ಹೊರಟ ಆ ಮುದುಕ ದಿನ ಕಳೆದಂತೆ ಆ ಜನರಲ್ಲೊಬ್ಬನಾಗಿಬಿಡುವುದನ್ನು ಓದುವಾಗ ನನ್ನ ಗಂಟಲು ಕಟ್ಟಿತ್ತು. ಫ್ಯಾಂಟಸಿ ಸಾಹಿತ್ಯದಲ್ಲಿ ಯುದ್ಧದ ಬಗ್ಗೆ ಇಷ್ಟು ಕರುಣೆಯಿಂದ ಬರೆದ ಭಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ತುಂಗಾತೀರ:

ಹಳೇ ಓದುಗರ ಮಾತನ್ನು ಒಪ್ಪುತ್ತೇನೆ; ಆದರೂ ಹೆಸರುಗಳ ತೊಡಕು ಪುಟಗಳು ಸರಿದಂತೆ ಕರಗುವ ತೊಡಕು. ಜೀನ್ ವುಲ್ಫ್ ಅವರ ‘ದಿ ಬುಕ್ ಆಫ್ ದಿ ನ್ಯೂ ಸನ್’ (1980–83, ನಾಲ್ಕು ಸಂಪುಟಗಳು) ನನಗೆ ಒಡ್ಡಿದ ಸವಾಲು ಬೇರೆ ಬಗೆಯದು. ಸೂರ್ಯನೇ ಮಂಕಾಗುತ್ತಿರುವ ಅತಿ ದೂರದ ಭವಿಷ್ಯದಲ್ಲಿ, ಚಿತ್ರಹಿಂಸೆ ನೀಡುವುದನ್ನೇ ವೃತ್ತಿಯಾಗಿ ಕಲಿತ ಸೆವೇರಿಯನ್ ಎಂಬ ಯುವಕ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ತಾನು ಏನನ್ನೂ ಮರೆಯುವುದಿಲ್ಲ ಎಂಬುದು ಅವನ ಹೇಳಿಕೆ. ಆದರೆ ಅವನು ಕಂಡದ್ದೆಲ್ಲ ಅವನಿಗೆ ಅರ್ಥವಾಗಿರುವುದಿಲ್ಲ, ಅರ್ಥವಾದದ್ದನ್ನೆಲ್ಲ ನಮಗೆ ಹೇಳುವುದೂ ಇಲ್ಲ.

ಮೊದಲ ಸಂಪುಟದ ಒಂದು ಸಣ್ಣ ಪ್ರಸಂಗವನ್ನೇ ನೋಡಿ. ಹಳೆಯ ಚಿತ್ರಗಳನ್ನು ಶುಚಿಗೊಳಿಸುತ್ತಿರುವ ಮುದುಕನೊಬ್ಬನ ಮುಂದೆ ಸೆವೇರಿಯನ್ ನಿಂತಿದ್ದಾನೆ. ಆ ಚಿತ್ರದಲ್ಲಿ ಬರಡು ನೆಲದ ಮೇಲೆ ಕವಚಧಾರಿಯೊಬ್ಬ ಸೆಟೆದು ನಿಂತ ಬಾವುಟವನ್ನು ಹಿಡಿದಿದ್ದಾನೆ. ಅವನ ಶಿರಸ್ತ್ರಾಣದ ಮುಂಭಾಗ ಪೂರ್ತಿ ಚಿನ್ನದ್ದು, ಕಣ್ಣಿಗೂ ಕಿಂಡಿಯಿಲ್ಲ. ಸೆವೇರಿಯನ್ ಅದನ್ನು ವರ್ಣಿಸಿ ಮುಂದೆ ಹೋಗುತ್ತಾನೆ. ಅದು ಚಂದ್ರನ ಮೇಲೆ ಇಳಿದ ಗಗನಯಾತ್ರಿಯ ಚಿತ್ರವೆಂದು ಹೊಳೆಯಬೇಕಾದುದು ಓದುಗನಿಗೆ. ಎಷ್ಟು ಯುಗಗಳು ಕಳೆದಿವೆ ಎಂಬುದು ಆ ಒಂದೇ ಪುಟದಲ್ಲಿ ತಿಳಿದುಹೋಗುತ್ತದೆ. ಇಂಥವು ಪುಸ್ತಕದುದ್ದಕ್ಕೂ ಇರುವುದರಿಂದ ಮರು ಓದು ಅನಿವಾರ್ಯ. ಹೆಣ್ಣು ಪಾತ್ರಗಳನ್ನು ಸೆವೇರಿಯನ್ ನೋಡುವ ರೀತಿ ಮಾತ್ರ ನನಗೆ ಇಂದಿಗೂ ಕಸಿವಿಸಿ ಉಂಟುಮಾಡುತ್ತದೆ, ಅದನ್ನು ಹೊಸ ಓದುಗರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬೆಳದಿಂಗಳು:

ಕಠಿಣ ಎಂದೊಡನೆ ದಪ್ಪ ಸಂಪುಟಗಳೂ ಒಗಟುಗಳೂ ಮಾತ್ರ ಚರ್ಚೆಗೆ ಬರುವುದು ನನಗೆ ಸರಿ ಕಾಣುವುದಿಲ್ಲ. ಉರ್ಸುಲಾ ಲೆ ಗ್ವಿನ್ ಅವರ ‘ಟೆಹಾನು’ವನ್ನು ಹೈಸ್ಕೂಲಿನ ಮಕ್ಕಳೂ ಓದಬಹುದು, ಅಷ್ಟು ತಿಳಿಯಾದ ಭಾಷೆ ಅದರದು. ಆದರೂ ಅದನ್ನು ಒಪ್ಪಿಕೊಳ್ಳುವುದು ಅನೇಕರಿಗೆ ಬಹಳ ಕಷ್ಟವಾಯಿತು. 1968ರಿಂದ 1972ರ ನಡುವೆ ಬಂದ ಅರ್ಥ್‌ಸೀ ಎಂಬ ಕಲ್ಪಿತ ಲೋಕದ ಮೂರು ಕಾದಂಬರಿಗಳಲ್ಲಿ ಮಹಾಮಾಂತ್ರಿಕನಾಗಿ ಬೆಳೆದ ಗೆಡ್, 1990ರ ಈ ಕಾದಂಬರಿಯಲ್ಲಿ ಶಕ್ತಿಯನ್ನೆಲ್ಲ ಕಳೆದುಕೊಂಡು, ನಾಚಿಕೆಯಿಂದ ಜನರ ಕಣ್ಣು ತಪ್ಪಿಸಿ, ಮೇಕೆ ಕಾಯಲು ಬೆಟ್ಟ ಹತ್ತುತ್ತಾನೆ. ಕಥೆಯ ಕೇಂದ್ರದಲ್ಲಿರುವವಳು ಟೆನಾರ್, ರೈತನೊಬ್ಬನ ವಿಧವೆ. ತನ್ನವರಿಂದಲೇ ಬೆಂಕಿಗೆ ತುತ್ತಾಗಿ, ಮುಖದ ಒಂದು ಪಕ್ಕ ಸುಟ್ಟುಹೋದ ಮಗುವನ್ನು ಆಕೆ ಸಾಕುತ್ತಾಳೆ. ಪಾತ್ರೆ ತೊಳೆಯುವುದು, ಬಟ್ಟೆ ಹೊಲಿಯುವುದು, ಬಾಗಿಲಿಗೆ ಅಗುಳಿ ಹಾಕಿದೆಯೇ ಎಂದು ರಾತ್ರಿ ಎದ್ದು ನೋಡುವುದು: ಸಾಹಸದ ಜಾಗದಲ್ಲಿ ಇಲ್ಲಿರುವುದು ಇವೇ. ಮಾಂತ್ರಿಕರ ಶಾಲೆಯಲ್ಲಿ ಹೆಂಗಸರಿಗೆ ಏಕೆ ಸ್ಥಳವಿಲ್ಲ ಎಂದು ತಮ್ಮದೇ ಲೋಕವನ್ನು ಪ್ರಶ್ನಿಸುವ ಧೈರ್ಯವನ್ನು ಲೇಖಕಿ ತೋರಿದ್ದಾರೆ. ಅದಕ್ಕಾಗಿಯೇ ಈ ಪುಸ್ತಕವನ್ನು ನಾನು ಉಳಿದೆಲ್ಲಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ.

ಕಥಾಸಕ್ತ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ದರುಜಿಸ್ತಾನ್ ತಲುಪುವವರೆಗೆ ಪದಕೋಶವನ್ನು ಮುಟ್ಟದೆ ಓದುತ್ತೇನೆ. ಬೆಳದಿಂಗಳು ಅವರೇ, ‘ಟೆಹಾನು’ವನ್ನು ನೇರವಾಗಿ ಓದಬಹುದೇ?

ಬೆಳದಿಂಗಳು:

ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಮೂರನ್ನೂ ಕ್ರಮವಾಗಿ ಓದಿ. ಅವು ಗಾತ್ರದಲ್ಲಿ ಚಿಕ್ಕವು. ಅದರಲ್ಲೂ ‘ದಿ ಟೂಂಬ್ಸ್ ಆಫ್ ಅಟುವಾನ್’ ಬಿಡಲೇಬೇಡಿ. ದೀಪ ಹಚ್ಚಬಾರದೆಂಬ ಕಟ್ಟಳೆಯಿರುವ ನೆಲದಡಿಯ ಕತ್ತಲಲ್ಲಿ, ಗೋಡೆಯನ್ನು ಸವರುತ್ತ ದಾರಿ ಹುಡುಕುವ ಹುಡುಗಿ ಟೆನಾರ್ ಅಲ್ಲಿದ್ದಾಳೆ. ಆ ಹುಡುಗಿಯನ್ನು ಬಲ್ಲವರಿಗೆ ಮಾತ್ರ ನಡುವಯಸ್ಸಿನ ಟೆನಾರ್‌ಳ ಕೋಪ ಎಲ್ಲಿಂದ ಬಂದದ್ದೆಂದು ತಿಳಿಯುತ್ತದೆ.