ಅಪ್‌ಡೇಟ್: ಶಿರಸಿಯ ಹಳೇ ಡಬ್ಬಿ ಕೊನೆಗೂ ಮೌಂಟ್ ಆಯ್ತು

ಹೋದ ವಾರ ಕೇಳಿದ್ದೆನಲ್ಲ, ನಮ್ಮ ಅಡಿಕೆ ವ್ಯಾಪಾರದ ಲೆಕ್ಕವೆಲ್ಲ ಇರುವ ಹಳೇ ನೆಟ್‌ವರ್ಕ್ ಡಿಸ್ಕ್ ಹೊಸ ಲಿನಕ್ಸ್‌ನಲ್ಲಿ ಮೌಂಟ್ ಆಗ್ತಿಲ್ಲ (ಕಂಪ್ಯೂಟರಿಗೆ ಜೋಡಿಸಿ ಫೈಲ್ ತೆರೆಯಲು ಆಗ್ತಿಲ್ಲ), 'ಮೌಂಟ್ ಎರರ್ 112: ಹೋಸ್ಟ್ ಈಸ್ ಡೌನ್', ಅಂದರೆ ಆ ಡಬ್ಬಿಯೇ ಬಂದ್ ಆಗಿದೆ, ಅಂತಿದೆ ಎಂದು. ಬಗೆಹರಿಯಿತು.

ಹೋಸ್ಟ್ ಡೌನ್ ಆಗಿರಲೇ ಇಲ್ಲ ಮಾರಾಯ್ರೆ! ಪಿಂಗ್ (ಆ ಕಡೆ ಯಂತ್ರ ಇದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಚೆನ್ನಾಗೇ ಹೋಗ್ತಿತ್ತು. ನಾನು ಮಳೆಗಾಲದ ಕರೆಂಟಿಗೆ ಬೈದು, ಕೇಬಲ್ಲನ್ನು ಎರಡು ಸಲ ಬದಲಿಸಿದ್ದೇ ಬಂತು. ತಕರಾರು ಇದ್ದದ್ದು ಭಾಷೆಯದ್ದು: ಆ ಡಬ್ಬಿಗೆ ಬರುವುದು ಎಸ್‌ಎಂಬಿ 1 ಒಂದೇ, ಅಂದರೆ ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಭಾಷೆಯ ಹಳೇ ಆವೃತ್ತಿ. ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) 4.13ರಲ್ಲೇ ಈ ಭಾಷೆಯ ಡೀಫಾಲ್ಟ್ ಆವೃತ್ತಿ ಬದಲಾಗಿದೆ. ಈಗಿನ ಕರ್ನಲ್ 2.1 ಮತ್ತು ಅದಕ್ಕೂ ಮೇಲಿನ ಆವೃತ್ತಿಗಳಲ್ಲಷ್ಟೇ ಚೌಕಾಸಿ ಮಾಡುತ್ತದೆ, ನಾವಾಗಿ ಹೇಳದೆ 1.0ಕ್ಕೆ ಇಳಿಯುವುದಿಲ್ಲ. ಡಿಮೆಸ್ಗ್ (ಕರ್ನಲ್ ಬರೆದಿಡುವ ಸಂದೇಶಗಳ ಪಟ್ಟಿ) ತೆರೆದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು, ಅಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಮೌಂಟ್ ಮಾಡುವಾಗ 'ವರ್ಸ್=1.0' (ಆವೃತ್ತಿ 1.0 ಬಳಸು) ಅಂತ ಕೊಟ್ಟೆ, ತಕ್ಷಣ ಆಯ್ತು. ಆದರೆ 2017ರ ವಾನಾಕ್ರೈ ಎಂಬ ಸುಲಿಗೆ ವೈರಸ್ ಹಬ್ಬಿದ್ದು ಇದೇ ಎಸ್‌ಎಂಬಿ 1ರ ದಾರಿಯಲ್ಲಿ. ಹಾಗಾಗಿ ರೀಡ್‌-ಓನ್ಲಿ ಮಾಡಿ ಫೈಲ್‌ಗಳನ್ನು ಹೊಸ ಡಿಸ್ಕಿಗೆ ಸಾಗಿಸ್ತಿದ್ದೇನೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಮೌಂಟ್ ಆಗಬೇಕು ಎಂಬ ಪಟ್ಟಿ) 'ನೋಫೇಲ್' ಕೂಡ ಹಾಕಿದೆ. ಡಬ್ಬಿ ಆಫ್ ಇದ್ದರೂ ಕಂಪ್ಯೂಟರ್ ಬೂಟ್ ಆಗುತ್ತದೆ. ಅರ್ಧ ಕಾಪಿ ಆಗಿದೆ, ಅಷ್ಟರಲ್ಲಿ ಮತ್ತೆ ಕರೆಂಟ್ ಹೋಯ್ತು.